ಮೂಗು ಕಟ್ಟಿದಾಗ ಖಾರ: ಊಟದಲ್ಲಿರಲಿ, ಮೂಗಿಗೆ ಬೇಡ

ಪ್ರಶ್ನೆ: ನನಗೆ 42 ವರ್ಷ. ಮಳೆಗಾಲ ಹಿಡಿದರೆ ಸಾಕು, ಮೂಗು ಕಟ್ಟುತ್ತದೆ, ಹಣೆ, ಕೆನ್ನೆ ಭಾರವಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು. ಮೆಣಸಿನ ಸಾರು, ಜೀರಿಗೆ ಮೆಣಸಿನ ಚಟ್ನಿ ತಿಂದರೆ ಮೂಗು ಬಿಡುತ್ತದೆ, ಆದರೆ ಅರ್ಧ ಗಂಟೆಯಲ್ಲಿ ಮತ್ತೆ ಅದೇ ಪಾಡು. ಒಣಮೆಣಸಿನ ಪುಡಿ ಕದಡಿದ ನೀರನ್ನು ಎರಡೆರಡು ಹನಿ ಮೂಗಿಗೆ ಬಿಟ್ಟರೆ ಸೈನಸ್ ಬುಡಸಮೇತ ಹೋಗುತ್ತದೆ ಎಂದು ಪರಿಚಯದವರು ಹೇಳಿದ್ದಾರೆ. ಪ್ರಯತ್ನಿಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಬೇಡ. ಸಾರು ಕುಡಿಯಿರಿ, ಚಟ್ನಿಯನ್ನೂ ಹಿತವಾಗುವಷ್ಟು ತಿನ್ನಿ. ಮೆಣಸಿನ ನೀರು ಮಾತ್ರ ಮೂಗಿನ ಹತ್ತಿರ ಸುಳಿಯಬಾರದು.

ಅರ್ಧ ಗಂಟೆಯಲ್ಲಿ ಮತ್ತೆ ಕಟ್ಟುತ್ತದೆ ಎಂದು ನೀವು ಗಮನಿಸಿದ್ದು ಸರಿಯಾಗಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಕಾಳುಮೆಣಸಿನ ಪೈಪರಿನ್ ಎರಡೂ ನರಗಳ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಒಂದೇ ಗ್ರಾಹಕವನ್ನು ಕೆರಳಿಸುತ್ತವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಮೆದುಳಿಗೆ ತಿಳಿಸುವುದು ಇದರ ಕೆಲಸ. ಹಾಗಾಗಿ ಆರಿದ ಚಟ್ನಿ ತಿಂದರೂ ಬಾಯಿ ಸುಟ್ಟಂತಾಗುತ್ತದೆ. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಈ ಗ್ರಾಹಕವನ್ನು ಪತ್ತೆ ಮಾಡಿದ್ದು ಕ್ಯಾಪ್ಸೈಸಿನ್‌ನ ಜಾಡು ಹಿಡಿದೇ. ಅವರಿಗೆ 2021ರ ನೊಬೆಲ್‌ನಲ್ಲಿ ಪಾಲೂ ಸಿಕ್ಕಿತು. ಬಾಯಿ, ಮೂಗು, ಕಣ್ಣು ಮೂರಕ್ಕೂ ಟ್ರೈಜೆಮಿನಲ್ ನರದ ಕವಲುಗಳಿವೆ. ಒಂದು ಕಡೆ ಉರಿ ಎದ್ದರೆ ಮೂಗಿನ ಗ್ರಂಥಿಗಳು ನೀರು ಸುರಿಸುತ್ತವೆ, ಗಟ್ಟಿ ಸಿಂಬಳ ತೆಳುವಾಗಿ ಇಳಿಯುತ್ತದೆ.

ಆದರೆ ಮೂಗು ಕಟ್ಟಿರುವುದು ಬರೀ ಸಿಂಬಳದಿಂದಲ್ಲ. ಒಳಪೊರೆಯ ರಕ್ತನಾಳಗಳು ಹಿಗ್ಗಿ, ಪೊರೆಯೇ ಮಳೆಗಾಲದ ಮರದ ಬಾಗಿಲಿನ ಹಾಗೆ ಉಬ್ಬಿರುತ್ತದೆ. ಆ ಊತವನ್ನು ಖಾರ ಇಳಿಸುವುದಿಲ್ಲ. ಮೆಂಥಾಲ್ ಮುಲಾಮಿನದೂ ಹೆಚ್ಚುಕಡಿಮೆ ಇದೇ ಕಥೆ: ತಂಪಿನಿಂದ ಉಸಿರು ಸರಾಗವಾದಂತೆ ಅನಿಸುತ್ತದೆ, ದಾರಿ ಮಾತ್ರ ಅಗಲವಾಗಿರುವುದಿಲ್ಲ.

ನಿಮ್ಮ ಪರಿಚಯದವರ ಮಾತಿಗೂ ಒಂದು ಮೂಲವಿದೆ. ಅಲರ್ಜಿಯೂ ಅಲ್ಲದ, ಸೋಂಕೂ ಅಲ್ಲದ ಒಂದು ಬಗೆಯ ದೀರ್ಘಕಾಲದ ಮೂಗಿನ ತೊಂದರೆಗೆ ವೈದ್ಯರು ಕ್ಯಾಪ್ಸೈಸಿನ್ ಸ್ಪ್ರೇ ಬಳಸಿ ನೋಡಿದ್ದಾರೆ, ಕೆಲವರಿಗೆ ಗುಣವೂ ಕಂಡಿದೆ. ಅದು ಅಳೆದ ಪ್ರಮಾಣದ ಔಷಧ. ಮನೆಯ ಪುಡಿಗೆ ಅಳತೆ ಎಲ್ಲಿಂದ ಬರಬೇಕು? ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಗುಂಟೂರು ಖಾರಕ್ಕೆ. ಜೊತೆಗೆ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ; ಒಂದು ಹನಿ ಸಪ್ಪೆ, ಮುಂದಿನದು ಬೆಂಕಿ. ಹೀಗೆ ಮಾಡಿಕೊಂಡು ಬಂದವರ ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರೆ ಪೊರೆ ಕೆಂಪಗೆ ಊದಿ, ಹತ್ತಿ ತಾಗಿದರೂ ರಕ್ತ ಒಸರುತ್ತದೆ. ಆಸ್ತಮಾ ಇದ್ದವರಿಗೆ ಉಸಿರೇ ಕಟ್ಟಬಹುದು.

ನಿಮಗೆ ನಿಜಕ್ಕೂ ಕೆಲಸಕ್ಕೆ ಬರುವುದು ಉಪ್ಪುನೀರು. ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾಗುವಷ್ಟು ಆರಿಸಿ, 9 ಗ್ರಾಂ ಉಪ್ಪು (ಮಟ್ಟಸವಾಗಿ ಸುಮಾರು ಒಂದೂವರೆ ಟೀ ಚಮಚ ಪುಡಿಯುಪ್ಪು) ಕರಗಿಸಿ. ಸಿಂಕಿಗೆ ಬಾಗಿ, ಬಾಯಿಂದ ಉಸಿರಾಡುತ್ತಾ, ಸೂಜಿ ತೆಗೆದ 20 ಮಿಲಿ ಸಿರಿಂಜಿನಿಂದ ಒಂದು ಹೊಳ್ಳೆಗೆ ನಿಧಾನವಾಗಿ ಬಿಡಿ. ನೀರು ಇನ್ನೊಂದು ಹೊಳ್ಳೆಯಿಂದ ಇಳಿಯುತ್ತದೆ. ಜಲನೇತಿ ಗೊತ್ತಿದ್ದರೆ ಅದೇ ಆಯಿತು. ಬಾವಿ, ನಲ್ಲಿ ನೀರನ್ನು ಕುದಿಸದೆ ಬಳಸಲೇಬೇಡಿ. ಮೂಗಿನ ಮೂಲಕ ಮೆದುಳಿಗೆ ಹತ್ತುವ ಅಮೀಬಾದ ಸುದ್ದಿಯನ್ನು ಕೇರಳದಿಂದ ನೀವೂ ಓದಿರುತ್ತೀರಿ. ಅಪರೂಪವಾದರೂ ಅದು ಜೀವ ತೆಗೆಯುತ್ತದೆ.

ಪ್ರತಿ ಮಳೆಗಾಲದಲ್ಲೂ ಬರುವ ಸೀನು, ಕಟ್ಟುವ ಮೂಗು ಎಂದರೆ ಬೂಷ್ಟು, ಹಾಸಿಗೆಯ ಧೂಳಿನ ನುಸಿಗಳ ಅಲರ್ಜಿ ಇರುವ ಸಾಧ್ಯತೆ ಹೆಚ್ಚು. ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಅಲರ್ಜಿಯೇ ಆಗಿದ್ದರೆ ಅವರು ಕೊಡುವ ಸ್ಟಿರಾಯ್ಡ್ ಸ್ಪ್ರೇ ನಿಧಾನವಾಗಿ ನಾಟುತ್ತದೆ, ನಾಲ್ಕೇ ದಿನಕ್ಕೆ ಬಿಡಬೇಡಿ. ಅಂಗಡಿಯಲ್ಲಿ ಸಿಗುವ, ತಕ್ಷಣ ಮೂಗು ಬಿಡಿಸುವ ಹನಿಗಳದ್ದು ತಿರುಗುಮುರುಗು: ಐದು ದಿನ ದಾಟಿದರೆ ಹನಿಯೇ ಮೂಗು ಕಟ್ಟಿಸತೊಡಗುತ್ತದೆ.

ಪ್ರಶ್ನೆ: ಅಮ್ಮನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ, ಹುಳಿತೇಗು ಕೂಡ. ಶೀತವಾದಾಗ ದಿನಕ್ಕೆ ಮೂರು ಸಲ ಕಾಳುಮೆಣಸಿನ ಕಷಾಯ ಕುಡಿಯುತ್ತಾರೆ, ಅರಿಶಿನ ಕೊಂಬು ಸುಟ್ಟು ಹೊಗೆ ಎಳೆಯುತ್ತಾರೆ. ಮೊಮ್ಮಗಳಿಗೂ ಕೊಡಲು ಬರುತ್ತಾರೆ.
– ಓದುಗರು, ಹಾಸನ

ಉತ್ತರ: ಕಷಾಯ ತೆಳುವಾಗಿರಲಿ, ಬೆಲ್ಲ ಬೇಡ, ಖಾಲಿ ಹೊಟ್ಟೆಗೆ ಬೇಡ. ಎದೆಯುರಿ ಹೆಚ್ಚಿದರೆ ನಿಲ್ಲಿಸಲಿ. ಮೇಲೇರಿದ ಹುಳಿಯೂ ಗಂಟಲು ಕೆರಳಿಸುತ್ತದೆ. ಪೈಪರಿನ್ ಕೆಲವು ಔಷಧಗಳು ರಕ್ತದಲ್ಲಿ ಹೆಚ್ಚು ಸೇರುವಂತೆ ಮಾಡುತ್ತದೆ. ಫೆನಿಟಾಯಿನ್, ಪ್ರೊಪ್ರನಲಾಲ್, ಥಿಯೋಫಿಲಿನ್ ನುಂಗುವವರು ಅಡುಗೆಯಲ್ಲಿ ಹಾಕುವುದಕ್ಕಿಂತ ಹೆಚ್ಚು ಮೆಣಸು ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು.

ಹೊಗೆ ಇಬ್ಬರಿಗೂ ಬೇಡ. ಅಜ್ಜಿಯ ಅಕ್ಕರೆ ಅರ್ಥವಾಗುತ್ತದೆ, ಆದರೆ ಮಗುವಿನ ಶ್ವಾಸನಾಳ ಕಿರಿದು. ಕುದಿನೀರಿನ ಪಾತ್ರೆಯ ಮುಂದೆ ಹಬೆಗೂ ಕೂರಿಸಬೇಡಿ. ಪಾತ್ರೆ ಮಗುಚಿದರೆ ಮೈ ಬೇಯುತ್ತದೆ.

ಶೀತ ಹತ್ತು ದಿನ ದಾಟಿದರೆ ಅಥವಾ ಇಳಿದದ್ದು ಮತ್ತೆ ಜ್ವರದೊಂದಿಗೆ ಏರಿದರೆ ವೈದ್ಯರ ಬಳಿ ಹೋಗಿ. ಅಮ್ಮನ ವಿಷಯದಲ್ಲಿ ಇನ್ನೂ ಬಿಗಿ ಎಚ್ಚರ ಬೇಕು. 2021ರಲ್ಲಿ ಕಪ್ಪು ಶಿಲೀಂಧ್ರ ಹಿಡಿದವರಲ್ಲಿ ಬಹುಪಾಲು ಜನ ಸಕ್ಕರೆ ಕಾಯಿಲೆಯವರು. ಒಂದೇ ಕಡೆ ಮುಖ ನೋವು ಅಥವಾ ಜೋಮು, ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಮೂಗಿನಿಂದ ಕಪ್ಪು ಸ್ರಾವ – ಇವುಗಳಲ್ಲಿ ಒಂದು ಕಂಡರೂ ಕಷಾಯ ಕಾಯಿಸುತ್ತಾ ಕೂರದೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.