ಬೆಳ್ಳಿ ನಾಣ್ಯ ಮನೆಯಲ್ಲಿಡುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಕಲಬುರಗಿಯ ಗಾಜಿಪುರದಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಎರಡು ಬಗೆಯ ಬೆಳ್ಳಿ ನಾಣ್ಯ ಇರುವುದುಂಟು. ಅಜ್ಜಿಯ ಗಂಟಿನಿಂದ ಬಂದ ನಿಜಾಮರ ಕಾಲದ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ ರೂಪಾಯಿ ಒಂದು ಬಗೆ. ಧನತ್ರಯೋದಶಿಗೆ ಸರಾಫ್ ಬಜಾರದಲ್ಲಿ ಕೊಂಡ 10, 20, 50 ಗ್ರಾಮಿನ ನಾಣ್ಯ ಇನ್ನೊಂದು. ಮಕ್ಕಳು ಅಮೆರಿಕ, ಕೆನಡಾದಲ್ಲಿದ್ದರೆ ಒಂದು ಔನ್ಸಿನ ನಾಣ್ಯಗಳು ಟ್ಯೂಬುಗಟ್ಟಲೆ ಸೇರಿರಬಹುದು. ಕಳ್ಳನ ಭಯ ಎಲ್ಲರಿಗೂ ಇದೆ. ಆದರೆ ನಾಣ್ಯವನ್ನು ದಿನದಿನವೂ ಕೆಡಿಸುವುದು ನಾವು ಅದಕ್ಕೆ ಸುತ್ತಿದ ವಸ್ತು ಮತ್ತು ತಿಕ್ಕುವ ಕೈ. ಕೆಳಗಿನವನ್ನು ತಪ್ಪದೆ ಪಾಲಿಸಿ.

ಮಾಡಬೇಕಾದ್ದು

1. ಮೊದಲು ವಿಂಗಡಿಸಿ. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 82ರಷ್ಟು. ಕಲ್ದಾರ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಬೆಳ್ಳಿ ನೂರಕ್ಕೆ 91.7. 1940ರಿಂದ ಕಲ್ದಾರದ ಬೆಳ್ಳಿ ಅರ್ಧಕ್ಕಿಳಿಯಿತು. ಇಂದಿನ ಗಟ್ಟಿ ನಾಣ್ಯ 999 ಶುದ್ಧಿಯದು. ಇವನ್ನೆಲ್ಲ ಒಂದೇ ಡಬ್ಬಿಗೆ ಸುರಿದಿಟ್ಟರೆ ಮಾರುವ ದಿನ ನಷ್ಟ ನಿಮಗೇ.

2. ನಾಣ್ಯದ ಅಳತೆಗೆ ತಕ್ಕ ಟ್ಯೂಬನ್ನೇ ಕೊಳ್ಳಿ. ಹಳೆಯ ರೂಪಾಯಿಗಳ ಅಗಲ ಸುಮಾರು 30 ಮಿಲಿಮೀಟರ್. ಕೆನಡಾದ ಮೇಪಲ್ ಎಲೆಯ ನಾಣ್ಯ 38, ಅಮೆರಿಕದ ಹದ್ದಿನ ನಾಣ್ಯ 40.6 ಮಿಲಿಮೀಟರ್. ಟ್ಯೂಬ್ ದೊಡ್ಡದಾದರೆ ನಾಣ್ಯಗಳು ಒಳಗೆ ಅಲುಗಾಡಿ ಒಂದಕ್ಕೊಂದು ಗೀರು ಹಾಕುತ್ತವೆ. ಟ್ಯೂಬ್ ತುಂಬದಿದ್ದರೆ ಮೇಲಿನ ಖಾಲಿ ಜಾಗಕ್ಕೆ ಪಾಲಿಥೀನ್ ಫೋಮಿನ ಬಿಲ್ಲೆ ಇಡಿ.

3. ಪ್ಲಾಸ್ಟಿಕ್ ಯಾವುದೆಂದು ಕೇಳಿ ಕೊಳ್ಳಿ. ಪಾಲಿಥೀನ್, ಪಾಲಿಪ್ರೊಪಿಲೀನ್, ಅಕ್ರಿಲಿಕ್ ಆಗಬಹುದು. ಪಿವಿಸಿ ಬೇಡವೇ ಬೇಡ.

4. ಅಂಚು ಹಿಡಿದೇ ಎತ್ತಿ. ಕೈ ತೊಳೆದು ಒರೆಸಿಕೊಂಡು, ಮೇಜಿನ ಮೇಲೆ ದಪ್ಪನೆಯ ಹತ್ತಿ ಬಟ್ಟೆ ಹಾಸಿ. ಹೆಬ್ಬೆರಳು, ತೋರುಬೆರಳ ನಡುವೆ ನಾಣ್ಯದ ಅಂಚು ಹಿಡಿಯಿರಿ. ಟ್ಯೂಬನ್ನು ಓರೆ ಮಾಡಿ ಒಂದೊಂದನ್ನೇ ಜಾರಿಸಿ. ಮೇಲಿಂದ ಬೀಳಿಸಿದರೆ ಕೆಳಗಿನ ನಾಣ್ಯದ ಅಂಚು ಜಜ್ಜುತ್ತದೆ. ಮುಖದ ಮೇಲೆ ಊರಿದ ಬೆವರಿನ ಬೆರಳು ಇವತ್ತು ಕಾಣುವುದಿಲ್ಲ. ಕೆಲವು ತಿಂಗಳಲ್ಲಿ ಅದೇ ಗುರುತು ಕಂದು ಬಣ್ಣಕ್ಕೆ ಎದ್ದು ಕಾಣುತ್ತದೆ.

5. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ನಮ್ಮೂರ ಬೇಸಿಗೆ ಒಣ ಹವೆಯದು, ಆದರೆ ಜೂನ್‌ನಿಂದ ಗೋಡೆಗಳೂ ತೇವ ಹಿಡಿಯುತ್ತವೆ. ಮಳೆಗಾಲಕ್ಕೆ ಮುಂಚೆ ಪೊಟ್ಟಣ ಬದಲಿಸಿ.

6. ಪೆಟ್ಟಿಗೆಯನ್ನು ಅಲ್ಮಾರಿಯ ಕೆಳಗಿನ ಖಾನೆಯಲ್ಲಿಡಿ. ಒಂದು ಔನ್ಸ್ ಎಂದರೆ 31.1 ಗ್ರಾಂ, ಐನೂರು ನಾಣ್ಯದ ಪೆಟ್ಟಿಗೆಯಲ್ಲಿ ಬೆಳ್ಳಿಯೇ ಹದಿನೈದೂವರೆ ಕಿಲೋ. ಅಟ್ಟ ಅದಕ್ಕೆ ತಕ್ಕ ಜಾಗವಲ್ಲ.

7. ಪಟ್ಟಿ ಬರೆಯಿರಿ. ನಾಣ್ಯ, ಇಸವಿ, ತೂಕ, ಸಂಖ್ಯೆ, ಕೊಂಡ ದಿನ, ಬೆಲೆ ಎಲ್ಲವೂ ಇರಲಿ. ಎರಡೂ ಬದಿಯ ಫೋಟೊ ತೆಗೆದಿಡಿ. ರಸೀದಿ ಮತ್ತು ಪಟ್ಟಿ ನಾಣ್ಯದ ಜೊತೆ ಬೇಡ, ಬೇರೆ ಕಡೆ ಇರಲಿ. ಮನೆಯ ಇನ್ನೊಬ್ಬರಿಗಾದರೂ ಅವು ಎಲ್ಲಿವೆಯೆಂದು ಗೊತ್ತಿರಲಿ.

8. ಬ್ಯಾಂಕ್ ಲಾಕರಿನಲ್ಲಿಟ್ಟರೆ ನಿಯಮ ಓದಿಕೊಳ್ಳಿ, ನಾಮಿನಿ ಹೆಸರು ಬರೆಸಿ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳ್ಳತನ, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಾದಾಗ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿಗೆ ಸೀಮಿತ. ಬಾಡಿಗೆ ಎರಡು ಸಾವಿರವಾದರೆ ಮಿತಿ ಎರಡು ಲಕ್ಷ. ಅದಕ್ಕಿಂತ ಹೆಚ್ಚಿನ ಬೆಳ್ಳಿಯಿದ್ದರೆ ವಿಮೆಯ ಬಗ್ಗೆ ವಿಚಾರಿಸಿ.

ಮಾಡಬಾರದ್ದು

1. ತಿಕ್ಕಬೇಡಿ. ಬೆಳ್ಳಿಯ ಕರಡಿಗೆಯನ್ನು ವಿಭೂತಿ ಹಚ್ಚಿ ಹೊಳೆಯಿಸುವ ರೂಢಿ ನಮ್ಮಲ್ಲಿದೆ. ದಿನ ಬಳಸುವ ಕರಡಿಗೆಗೆ ಅದು ಸರಿ, ನಾಣ್ಯಕ್ಕೆ ಸಲ್ಲದು. ವಿಭೂತಿ, ಹುಣಸೆಹಣ್ಣು, ಹಲ್ಲುಜ್ಜುವ ಪೇಸ್ಟ್ ಯಾವುದೇ ಇರಲಿ, ಕಪ್ಪಿನ ಜೊತೆ ಬೆಳ್ಳಿಯೂ ಸವೆದು, ಅಕ್ಷರ ಮಾಸುತ್ತದೆ. ತಿಕ್ಕಿದ ಹಾಲಿ ಸಿಕ್ಕಾಕ್ಕೆ ಸಂಗ್ರಾಹಕರು ಬೆಲೆ ಕೊಡುವುದಿಲ್ಲ. ಉಳಿಯುವುದು ಕರಗಿಸುವ ಬೆಳ್ಳಿಯ ದರ ಮಾತ್ರ.

2. ರಬ್ಬರ್ ಬ್ಯಾಂಡ್ ಹಾಕಬೇಡಿ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ, ರಬ್ಬರಿನಲ್ಲಿ ಗಂಧಕವಿದೆ. ಉಣ್ಣೆ, ವೃತ್ತಪತ್ರಿಕೆಯ ಕಾಗದಗಳಿಂದಲೂ ಇದೇ ಪಾಡು.

3. ಅಂಗಡಿಯವರು ಕೊಟ್ಟ ಮಖಮಲ್ಲಿನ ಡಬ್ಬಿಯಲ್ಲಿ ನಾಣ್ಯವನ್ನು ವರ್ಷಗಟ್ಟಲೆ ಬಿಡಬೇಡಿ. ಅದು ಉಡುಗೊರೆ ಕೊಡುವುದಕ್ಕೆ ಚೆಂದ. ಆದರೆ ಬಟ್ಟೆಯ ಬಣ್ಣ, ಅಂಟುಗಳು ನಿಧಾನವಾಗಿ ಬೆಳ್ಳಿಗೆ ತಾಗುತ್ತವೆ.

4. ಮೆತ್ತನೆಯ, ವಾಸನೆ ಬರುವ ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್ ಬಳಸಬೇಡಿ. ಅದು ಪಿವಿಸಿ. ಬಿಸಿಲಿಗೆ ಬೇಗ ಕೆಡುತ್ತದೆ, ನಾಣ್ಯದ ಮೇಲೆ ಹಸಿರು ಜಿಗುಟು ಕೂರಿಸುತ್ತದೆ. ಬೇಸಿಗೆಯಲ್ಲಿ ಪತ್ರಾಸಿನ ಕೋಣೆ ಕಾದ ಹಂಚಿನಂತಿರುತ್ತದೆ. ಯಾವ ಟ್ಯೂಬನ್ನೂ ಅಲ್ಲಿಡಬೇಡಿ.

5. ಅರಿಶಿನ ಕುಂಕುಮ ಹಚ್ಚಿದ ನಾಣ್ಯವನ್ನು ಹಾಗೆಯೇ ಟ್ಯೂಬಿಗೆ ಹಾಕಬೇಡಿ. ಲಕ್ಷ್ಮೀಪೂಜೆಗೆ ಒಂದೆರಡು ನಾಣ್ಯ ಬೇರೆ ತೆಗೆದಿಡಿ, ಪ್ರತಿವರ್ಷ ಅವನ್ನೇ ಪೂಜಿಸಿ. ಉಳಿದವು ಮುಚ್ಚಳದೊಳಗೇ ಇರಲಿ.

6. ಸೀಲ್ ಮಾಡಿದ ಕಾರ್ಡನ್ನು ಸುಮ್ಮನೆ ನೋಡಲೆಂದು ಹರಿಯಬೇಡಿ. ಅದರ ಮೇಲಿನ ತೂಕ, ಶುದ್ಧಿ, ಸಂಖ್ಯೆಗಳೇ ಮರುಮಾರಾಟಕ್ಕೆ ಆಧಾರ. ಗಟ್ಟಿ ನಾಣ್ಯಗಳ ಮೇಲೆ ಮೂಡುವ ಹಾಲಿನಂಥ ಬಿಳಿ ಚುಕ್ಕೆಗೂ ಹೆದರಿ ತಿಕ್ಕಬೇಡಿ. ಆ ಚುಕ್ಕೆಯಿಂದ ಬೆಳ್ಳಿಯ ತೂಕ, ಶುದ್ಧಿ ಕಡಿಮೆಯಾಗುವುದಿಲ್ಲ.

7. ನೆಲ ಅಗೆಯುವಾಗ ಸಿಕ್ಕಿದ ನಾಣ್ಯವನ್ನು ಮುಚ್ಚಿಡಬೇಡಿ. 1347ರಲ್ಲಿ ಬಹಮನಿ ರಾಜಧಾನಿಯಾದ ಊರು ಇದು. ಆ ಕಾಲದ ಬೆಳ್ಳಿ ಟಂಕಗಳು ಇಲ್ಲೇ ಅಚ್ಚಾದವು. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ವಿದೇಶದ ಮಕ್ಕಳ ಕೈಗೆ ಕೊಟ್ಟು ಕಳಿಸಬೇಡಿ.

8. ಎಷ್ಟಿದೆ, ಎಲ್ಲಿದೆ ಎಂದು ಹೊರಗೆ ಹೇಳಬೇಡಿ. ಫೋಟೊಗಳನ್ನು ವಾಟ್ಸಾಪಿನಲ್ಲಿ ಹಂಚಬೇಡಿ.

ಅಜ್ಜಿ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ರೂಪಾಯಿ ಮೊಮ್ಮಕ್ಕಳಿಗೂ ಅದೇ ಅಕ್ಷರ, ಅದೇ ಚಾರ್‌ಮಿನಾರಿನ ಗುರುತಿನೊಂದಿಗೆ ಸಿಗಬೇಕು. ಹೊಳಪು ಇರದಿದ್ದರೂ ಚಿಂತೆಯಿಲ್ಲ. ಇಂದೇ ಗಂಟು ಬಿಚ್ಚಿ, ರಬ್ಬರ್ ಬ್ಯಾಂಡ್ ಕಿತ್ತುಹಾಕಿ, ಪಟ್ಟಿ ಬರೆದು, ಸರಿಯಾದ ಟ್ಯೂಬಿಗೆ ಹಾಕಿಡಿ.