ಗೌಜಲಕ್ಕಿಗೆ ಒಂದು ಮಾರು ಹುಲ್ಲು

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಹನೂರಿನ ಕಡೆಯ ನಮ್ಮ ಹೊಲದ ಬದುವಿನ ಮೇಲೆ ಕೂತಿದ್ದೆ. ಪಕ್ಕದ ಹೊಲದ ಹುಡುಗ ಬಂದು ಮೊಬೈಲಿನಲ್ಲಿ ಗೌಜಲಕ್ಕಿಯ ಕೂಗು ಹಾಕಿದ. ತನ್ನ ಸರಹದ್ದಿಗೆ ಇನ್ನೊಂದು ಗಂಡು ನುಗ್ಗಿತೆಂದು ಅಲ್ಲಿಯ ಹಕ್ಕಿ ಜಗಳಕ್ಕೆ ಓಡಿಬರುತ್ತದೆ, ಆಗ ಬಲೆ ಬೀಸಬಹುದು ಎಂಬುದು ಅವನ ಲೆಕ್ಕ. ಅರ್ಧ ಗಂಟೆ ಮೊಬೈಲು ಕೂಗಿಯೇ ಕೂಗಿತು. ಯಾವ ಬೇಲಿಯಿಂದಲೂ ಉತ್ತರ ಬರಲಿಲ್ಲ. "ಏನ್ ತಾತಾ, ಒಂದೂ ಇಲ್ವಲ್ಲಾ" ಅಂದ. ನಾನು ಬೈಯಲಿಲ್ಲ. ಬೈಯುವ ಯೋಗ್ಯತೆ ನನಗೂ ಪೂರ್ತಿ ಇಲ್ಲ. ಅವನಿಗೆ ಹೇಳಿದ್ದನ್ನೇ ಕೊಳ್ಳೇಗಾಲ, ಹನೂರು, ಯಳಂದೂರಿನ ನಿಮಗೆಲ್ಲ ಹೇಳುತ್ತೇನೆ, ಕೇಳಿ.

ನಿಮ್ಮ ವಯಸ್ಸಿನಲ್ಲಿ ನಾನೂ ಉರುಲು ಒಡ್ಡಿದವನೇ. ಆಗ ಮೊಬೈಲಿನ ಬದಲು ಪಂಜರದಲ್ಲಿ ದೀವದ ಹಕ್ಕಿ ಇತ್ತು. ಕತ್ತಾಳೆ ನಾರನ್ನು ತೊಡೆಯ ಮೇಲೆ ಹೊಸೆದು ಕುಣಿಕೆ ಮಾಡಿ, ಹುಲ್ಲಿನಲ್ಲಿ ಹಕ್ಕಿ ನುಸುಳುವ ಕಿಂಡಿಗೆ ಕಟ್ಟುತ್ತಿದ್ದೆ. ಒಂದು ದಿನ ಹೆಣ್ಣು ಸಿಕ್ಕಿಬಿತ್ತು. ಬಿಡಿಸಿಕೊಳ್ಳಲು ಕೈ ಹಾಕಿದಾಗ ಪಕ್ಕದ ಹುಲ್ಲಿನ ಬುಡದಲ್ಲಿ, ಅಂಗೈಯಗಲ ಕೆರೆದ ಗುಂಡಿಯಲ್ಲಿ, ಕೆನೆಬಣ್ಣದ ಏಳು ಮೊಟ್ಟೆ ಇದ್ದವು. ಮುಟ್ಟಿದರೆ ಇನ್ನೂ ಬೆಚ್ಚಗಿದ್ದವು. ಹಕ್ಕಿಯನ್ನೂ ಮೊಟ್ಟೆಯನ್ನೂ ಹೊತ್ತು ಮನೆಗೆ ಬಂದೆ. ಅವ್ವ ಮಡಿಲು ನೋಡಿ ಒಂದೇ ಮಾತು ಅಂದಳು: "ಬಿತ್ತನೆ ಬೀಜನೇ ಬೇಯಿಸ್ಕೊಂಡಂಗಾಯ್ತಲ್ಲೋ." ಅದಾದ ಮೇಲೆ ನಾನು ಉರುಲು ಮುಟ್ಟಲಿಲ್ಲ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆಗಿನ್ನೂ ಕೆಲವು ಪ್ರಾಣಿಪಕ್ಷಿಗಳ ಬೇಟೆಗೆ ಲೈಸೆನ್ಸ್ ಸಿಗುತ್ತಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಗೌಜಲಕ್ಕಿ, ಬುರ್ಲಿ, ಕಾಡುಕೋಳಿ, ನವಿಲು, ಯಾವುದನ್ನು ಹಿಡಿದರೂ ಅಪರಾಧ. "ನನ್ನ ಹೊಲ, ನನ್ನ ಹಕ್ಕಿ" ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯ, ಉರುಲಿಗೆ ಕಣ್ಣಿಲ್ಲ. ಹಂದಿಗೆ ಒಡ್ಡಿದ ತಂತಿಗೆ ಚಿರತೆ ಬೀಳುತ್ತದೆ. ವಿಷವೂ ಹಾಗೆಯೇ, ಹಾಕಿದವನ ಕೈ ಮೀರಿ ಹೋಗುತ್ತದೆ. 2025ರ ಜೂನ್‌ನಲ್ಲಿ ನಮ್ಮ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಬೆರೆತ ದನದ ಮಾಂಸ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತದ್ದು ನಿಮಗೆ ಗೊತ್ತಿದೆ. ಹುಲಿಯೇರಿದ ಮಾದಪ್ಪನ ಒಕ್ಕಲು ನಾವು. ಆ ಸುದ್ದಿ ಕೇಳಿ ತಲೆ ಎತ್ತಲಾಗಲಿಲ್ಲ.

ಆದರೆ ನನ್ನ ಮಾತು ಇಷ್ಟೇ ಆಗಿದ್ದರೆ ಪೊಲೀಸರೇ ಹೇಳುತ್ತಿದ್ದರು. ಆ ಹುಡುಗನ ಮೊಬೈಲಿಗೆ ಉತ್ತರ ಬಾರದಿದ್ದದ್ದು ಉರುಲಿನಿಂದ ಮಾತ್ರವಲ್ಲ. ನಾನು ಒಡ್ಡುತ್ತಿದ್ದ ಕಾಲದಲ್ಲೂ ಪ್ರತಿ ಬೇಲಿಯಲ್ಲಿ ಹಕ್ಕಿ ಕೂಗುತ್ತಿತ್ತು. ಆಗ ಇದ್ದು ಈಗ ಇಲ್ಲದಿರುವುದು ಹುಲ್ಲು.

ಇದನ್ನು ಅಮೆರಿಕದ ಬೇಟೆಗಾರರು ಕಷ್ಟಪಟ್ಟು ಕಲಿತರು. ನಮ್ಮ ಗೌಜಲಕ್ಕಿಯ ಕುಲದ್ದೇ ಆದ ಫೆಸೆಂಟ್ ಎಂಬ ಹಕ್ಕಿಯನ್ನು ಚೀನಾದಿಂದ ತಂದು 1880ರ ದಶಕದಲ್ಲಿ ಆರೆಗನ್‌ನಲ್ಲಿ ಬಿಟ್ಟರು. ಅಲ್ಲಿ ಇವತ್ತಿಗೂ ಲೈಸೆನ್ಸ್ ಪಡೆದು ಅದನ್ನು ಹೊಡೆಯುತ್ತಾರೆ. ಆದರೂ ಬಂದೂಕು ಕೆಳಗಿಟ್ಟರೆ ಸಾಲದು, ಹುಲ್ಲು ಉಳಿದರಷ್ಟೇ ಹಕ್ಕಿ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. 1985ರಲ್ಲಿ ಬಂದ ಸರ್ಕಾರಿ ಯೋಜನೆಯೊಂದರಲ್ಲಿ ರೈತ ಸವಕಲು ಜಮೀನನ್ನು 10–15 ವರ್ಷ ಉಳದೆ ಹುಲ್ಲಿಗೆ ಬಿಟ್ಟರೆ ವರ್ಷವರ್ಷ ಗೇಣಿ ಸಿಗುತ್ತದೆ. ಮಣ್ಣಿಗೆಂದು ಮಾಡಿದ್ದು ಹಕ್ಕಿಗೂ ಒದಗಿತು. ನಮಗೆ ಆ ಗೇಣಿ ಇಲ್ಲ. ಆದರೆ ನಮ್ಮ ಹಕ್ಕಿ ಎಕರೆಗಟ್ಟಲೆ ಕೇಳುವುದೂ ಇಲ್ಲ.

ಗೌಜಲಕ್ಕಿ ಗೂಡು ಕಟ್ಟುವುದು ನೆಲದ ಮೇಲೆ. ಮೊಟ್ಟೆಯೊಡೆದ ಮರಿ ಅವತ್ತೇ ತಾಯಿಯ ಹಿಂದೆ ಓಡುತ್ತದೆ. ಅದಕ್ಕೆ ಗೆದ್ದಲು, ಇರುವೆ, ಮಿಡತೆ ಬೇಕು. ಮೇಲೆ ಗಿಡುಗ ನೋಡದಂತೆ ಹುಲ್ಲಿನ ಮರೆ ಬೇಕು, ಕೆಳಗೆ ಓಡಲು ಜಾಗ ಬೇಕು. ರಾತ್ರಿ ಕೂರಲು ಮುಳ್ಳುಗಿಡ ಬೇಕು. ಇವೆಲ್ಲ ನಮ್ಮ ಹಳೆಯ ಬದುವಿನಲ್ಲೇ ಇದ್ದವು. ಈಗ ಕಳ್ಳಿ–ಕತ್ತಾಳೆ ಬೇಲಿ ಹೋಗಿ ತಂತಿ ಬಂತು. ಬದುವನ್ನು ಜೆಸಿಬಿ ಸಮ ಮಾಡಿತು. ಉಳಿದದ್ದಕ್ಕೆ ಕಳೆನಾಶಕ, ಅದಕ್ಕೂ ಜಗ್ಗದಿದ್ದರೆ ಮಾರ್ಚ್‌ನಲ್ಲಿ ಒಂದು ಬೆಂಕಿಕಡ್ಡಿ. ಅದು ಹಕ್ಕಿ ಕಾವು ಕೂರುವ ಹೊತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತು ಅಂತ ಹಿಂದಿನವರು ಹೇಳುತ್ತಿದ್ದರು. ಈಗ ಹೊಲವೇ ಎದ್ದು ಬೇಲಿ ಮೇಯ್ದಿದೆ.

ಹಾಗಾಗಿ ನಾನು ಕೇಳುವುದು ಒಂದು ಮಾರು. ಹೊಲದ ಒಂದು ಅಂಚಿನುದ್ದಕ್ಕೂ ಒಂದು ಮಾರು ಅಗಲ ಹುಲ್ಲಿಗೆ ಬಿಡಿ. ಚೌಕದ ಎಕರೆಯಲ್ಲಿ ಅದು ಒಂದೂಕಾಲು ಗುಂಟೆಯೂ ಆಗದು, ಅದರಲ್ಲೂ ಅರ್ಧ ಬದುವೇ. ಅಲ್ಲಿ ಔಷಧಿ ಹೊಡೆಯಬೇಡಿ, ಬೆಂಕಿ ಇಡಬೇಡಿ. ಮಳೆಗಾಲ ಕಳೆದ ಮೇಲೆ ಈ ವರ್ಷ ಅರ್ಧ, ಬರುವ ವರ್ಷ ಇನ್ನರ್ಧ ಕೊಯ್ದು ಮೇಕೆಗೆ ಹಾಕಿ. ನಡುನಡುವೆ ತಂಗಡಿ, ಕಾರೆ, ಬೋರೆ ತಾನಾಗಿ ಎದ್ದರೆ ಕೀಳಬೇಡಿ. ಮೇವಿನ ಜೋಳ ಕೊಯ್ಯುವಾಗ ಅಂಚಿನಿಂದ ಸುತ್ತುತ್ತಾ ಬಂದರೆ ಒಳಗಿನ ಹಕ್ಕಿ ನಡುವೆ ಸಿಕ್ಕಿಕೊಳ್ಳುತ್ತದೆ. ನಡುವಿನಿಂದ ಶುರು ಮಾಡಿದರೆ ಬದುವಿಗೆ ಓಡಿ ಉಳಿಯುತ್ತದೆ. ಇಳಿಜಾರಿನ ಹೊಲದಲ್ಲಿ ಅದೇ ಹುಲ್ಲು ಮಳೆಗೆ ಮಣ್ಣನ್ನೂ ಹಿಡಿದಿಡುತ್ತದೆ.

ಊರಿನ ಜಾಗದ ಮಾತು ಬೇರೆ. ಗೋಮಾಳವನ್ನು, ಕೆರೆಯಂಗಳವನ್ನು ನಾವು 'ಖಾಲಿ ಜಾಗ' ಅನ್ನುತ್ತೇವೆ. ಪರಿಸರ ದಿನ ಬಂದರೆ ಅಲ್ಲಿಗೇ ಗುಂಡಿ ತೋಡಲು ಹೋಗುತ್ತೇವೆ. ಹುಲ್ಲಿರುವ ಜಾಗ ಖಾಲಿಯಲ್ಲ. ನೆರಳಿನ ಮರ ಬೇಕಾದ ಕಡೆ ನೆಡಿ, ಹುಲ್ಲುಗಾವಲನ್ನು ಹುಲ್ಲಾಗಿಯೇ ಬಿಡಿ. ಹುಲ್ಲನ್ನು ನುಂಗುವುದು ನೆಟ್ಟ ಮರ ಮಾತ್ರವಲ್ಲ, ಲಂಟಾನವೂ ಹೌದು. ಯಳಂದೂರಿನ ಮೇಲಿನ ಬಿಳಿಗಿರಿರಂಗನ ಬೆಟ್ಟ ನೋಡಿ. 1974ರಲ್ಲಿ ವನ್ಯಧಾಮವಾದ ಮೇಲೆ ಸೋಲಿಗರು ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗುಬೆಂಕಿ ನಿಂತಿತು. ಸಣ್ಣಗೆ ನೆಲ ಸವರಿ ಹೋಗುವ ಬೆಂಕಿ ಅದು. ಆಮೇಲೆ ಲಂಟಾನ ತಲೆ ಎತ್ತಿತು ಎಂದು ಅವರು ಹೇಳುತ್ತಲೇ ಬಂದಿದ್ದಾರೆ. 1997ರಿಂದ 2008ರ ನಡುವೆ ಅಲ್ಲಿ ಲಂಟಾನ ಹಬ್ಬಿದ ಜಾಗ ಸುಮಾರು ಇಮ್ಮಡಿಯಾದದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಲಂಟಾನದ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಇದನ್ನು ಕೇಳಿ ಕಡ್ಡಿ ಗೀರಲು ಹೋಗಬೇಡಿ. ಕಾಡಿಗೆ ಬೆಂಕಿ ಇಡುವುದು ಅಪರಾಧ. ತಿಳಿದ ಹಿರಿಯರ ತರಗುಬೆಂಕಿ ಬೇರೆ, ಮಾರ್ಚ್‌ನ ಕಾಳ್ಗಿಚ್ಚು ಬೇರೆ. ನಿಮ್ಮ ಕೈಯಲ್ಲಿ ಆಗುವುದು ಗೋಮಾಳದ ಲಂಟಾನವನ್ನು ಬೇರುಸಹಿತ ಕೀಳುವುದು. ಮಾದಪ್ಪನ ಬೆಟ್ಟದ ಕಡೆ ಅದೇ ಕಡ್ಡಿಯಲ್ಲಿ ಕುರ್ಚಿ–ಮೇಜು ಮಾಡಿ ಬದುಕುವ ಜನರಿದ್ದಾರೆ.

"ನವಿಲು ಬೆಳೆ ಹಾಳು ಮಾಡ್ತದಲ್ಲಾ, ಅದಕ್ಕೇನು ಮಾಡೋಣ?" ಎಂದು ಕೇಳುತ್ತೀರಿ. ನಿಜ, ನವಿಲು ಹೆಚ್ಚಿದೆ, ನಷ್ಟವೂ ನಿಜ. ಕಾಯಿರಿ, ಓಡಿಸಿ, ಗ್ರಾಮಸಭೆಯಲ್ಲಿ ಜಗಳವಾಡಿ. ಕಾಳಿಗೆ ಮಾತ್ರ ವಿಷ ಬೆರೆಸಬೇಡಿ. ಅದನ್ನು ಮೊದಲು ಹೆಕ್ಕುವುದು ನವಿಲೇ ಆಗಬೇಕೆಂದಿಲ್ಲ, ನಿಮ್ಮ ಮನೆಯ ಕೋಳಿಯೂ ಆದೀತು.

ಆ ಹುಡುಗ ಈ ಸಲ ಮೂಡಲ ಬದುವನ್ನು ಸುಡದೆ ಬಿಟ್ಟಿದ್ದಾನೆ. ಹಕ್ಕಿ ಇನ್ನೂ ಬಂದಿಲ್ಲ. ಎರಡು ಮಳೆಗಾಲ ಕಾಯಿ ಎಂದಿದ್ದೇನೆ. ನೀವೂ ಬಿಡಿ, ನೀವೂ ಕಾಯಿರಿ. ಬೆಳಗ್ಗೆ ಬದುವಿನಿಂದ ಗೌಜಲಕ್ಕಿ ಕೂಗಿದರೆ ಮೊಬೈಲು ಜೇಬಿನಲ್ಲೇ ಇರಲಿ, ಉತ್ತರ ಕೊಡಲು ಪಕ್ಕದ ಹೊಲದಲ್ಲಿ ಇನ್ನೊಂದು ಹಕ್ಕಿ ಇರುತ್ತದೆ.