ಹಳೆಯ ಹತ್ಯಾರದ ಬೆಲೆ ಮತ್ತು ಅದರಲ್ಲಿ ಉಳಿದ ಆಯುಷ್ಯ

ಬಡಿಗನ ರಂದಾ, ಗೌಂಡಿಯ ಕರಣಿ, ಮೆಕ್ಯಾನಿಕ್ಕನ ಪಾನಾ, ಕಬ್ಬು ಕಡಿಯುವವನ ಕೊಯ್ತಾ ಇವೆಲ್ಲವೂ ಹಣಕಾಸಿನ ಲೆಕ್ಕದಲ್ಲಿ ಬಂಡವಾಳದ ಸ್ವತ್ತುಗಳು, ಅಂದರೆ ಒಮ್ಮೆ ಹಣ ಹಾಕಿ ಹಲವು ವರ್ಷ ದುಡಿಮೆ ತೆಗೆಯುವ ವಸ್ತುಗಳು. ಇಂಥ ಸ್ವತ್ತನ್ನು ಹಳೆಯದಾಗಿ ಕೊಳ್ಳುವಾಗ ಕೊಡಬೇಕಾದ ಬೆಲೆ ಅದರಲ್ಲಿ ಇನ್ನೆಷ್ಟು ದುಡಿಮೆ ಉಳಿದಿದೆ ಎಂಬುದರ ಮೇಲೆ ನಿಲ್ಲಬೇಕೇ ಹೊರತು ಮಾರುವವರು ಅದರ ಸುತ್ತ ಕಟ್ಟಿದ ವರ್ಣನೆಯ ಮೇಲೆ ಅಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಮೊಬೈಲಿನ ಮೂಲಕ ಹಳೆಯ ಹತ್ಯಾರ ತರಿಸಿಕೊಳ್ಳುವವರ ಪಾಲಿಗೆ ಈ ಅಳತೆ ತಲೆಕೆಳಗಾಗಿದೆ. ವರ್ಣನೆಗೆ ಬೆಲೆ ತೆತ್ತು, ದುಡಿಮೆಯನ್ನು ಅದೃಷ್ಟಕ್ಕೆ ಬಿಡುವ ಸ್ಥಿತಿ ಬಂದಿದೆ.

ಈ ಸೀಮೆಯಲ್ಲಿ ಹತ್ಯಾರದ ಬೆಲೆ ಬಹುಕಾಲ ಗುಟ್ಟಿನ ಸಂಗತಿಯಾಗಿರಲಿಲ್ಲ. ಊರಿನ ಕಮ್ಮಾರ ಮತ್ತು ಬಡಿಗ ಆಯಗಾರರಾಗಿದ್ದರು. ಆಯ ಎಂದರೆ ವರ್ಷವಿಡೀ ಮಾಡಿಕೊಟ್ಟ ಕೆಲಸಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ರೈತ ಕಣದಿಂದ ಅಳೆದುಕೊಡುತ್ತಿದ್ದ ಕಾಳಿನ ಪಾಲು. ಕುಡುಗೋಲು ಮೊಂಡಾದರೂ ಕುಂಟೆಯ ಕುಡ ಸವೆದರೂ ಅದನ್ನು ಮತ್ತೆ ಹಣಿದುಕೊಡುವ ಹೊಣೆ ಮಾಡಿದವನದೇ ಆಗಿದ್ದುದರಿಂದ, ಕೆಟ್ಟ ಕಬ್ಬಿಣಕ್ಕೆ ಒಳ್ಳೆಯ ಮಾತು ಹಚ್ಚಿ ಸಾಗಹಾಕುವುದರಲ್ಲಿ ಆತನಿಗೆ ಲಾಭವಿರಲಿಲ್ಲ. ಆ ಪದ್ಧತಿಯೊಳಗೆ ಜಾತಿಯ ಕಟ್ಟುಪಾಡೂ ಅಸಮಾನತೆಯೂ ಇದ್ದವು, ಅದು ಮರಳಿ ಬರಬೇಕೆಂದು ಯಾರೂ ಬಯಸಬೇಕಾಗಿಲ್ಲ. ಆದರೆ ಮಾರಿದವನು ಮುಂದಿನ ವಾರವೂ ಕೊಂಡವನ ಕಣ್ಣಿಗೆ ಬೀಳುತ್ತಿದ್ದ ಎಂಬ ಒಂದು ಭದ್ರತೆ ಅದರಲ್ಲಿತ್ತು, ವಾರದ ಸಂತೆಯಲ್ಲಿಯೂ ಇದೆ, ಮೊಬೈಲಿನ ಜಾಹೀರಾತಿನಲ್ಲಿ ಮಾತ್ರ ಇಲ್ಲ.

ಹಾಗಿದ್ದರೂ ಜನ ಜಾಹೀರಾತಿನ ಕಡೆಗೆ ವಾಲುವುದಕ್ಕೆ ಕಾರಣಗಳಿವೆ. ಆಳಂದ ಮತ್ತು ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ದೂರ. ಒಂದು ರಂದಾ ನೋಡಲು ಹೋಗಿಬಂದರೆ ಒಂದು ದಿನದ ಕೂಲಿ ಹೋದಂತೆ. ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸ ಬಿಟ್ಟು ಊರಿಗೆ ಮರಳಿ ಸ್ವಂತ ಕೆಲಸ ಹಿಡಿಯುವ ಯುವಕನಿಗೆ ಎಲ್ಲ ಹತ್ಯಾರಗಳನ್ನೂ ಒಮ್ಮೆಗೇ ಹೊಸದಾಗಿ ಕೊಳ್ಳುವ ಶಕ್ತಿ ಇರುವುದಿಲ್ಲ, ಮತ್ತು ಹಳೆಯ ಕಾಲದ ಉಕ್ಕು ಇಂದಿನದಕ್ಕಿಂತ ಗಟ್ಟಿ ಎಂಬ ಮಾತನ್ನು ಆತ ಹಿರಿಯರಿಂದ ಕೇಳಿಯೇ ಇರುತ್ತಾನೆ. ಆ ಮಾತಿನಲ್ಲಿ ಸತ್ಯಾಂಶವಿದೆ, ಮಾರುವವರು ಹಿಡಿಯುವುದೂ ಅದನ್ನೇ. ಈ ಅಂಕಣಕಾರ ಇಂಥ ಜಾಹೀರಾತುಗಳನ್ನು ಓದುತ್ತ, ಬಂದ ಪೊಟ್ಟಣಗಳನ್ನು ಕೆಲಸಗಾರರ ಕೈಯಲ್ಲಿ ಬಿಚ್ಚಿಸಿ ನೋಡುತ್ತ ಬಂದುದರಲ್ಲಿ ಹಸಿ ಸುಳ್ಳಿಗಿಂತ ಹೆಚ್ಚಾಗಿ ಕಂಡದ್ದು ಅರ್ಧ ಸತ್ಯ: ಹೇಳಿದ್ದು ನಿಜ, ಆದರೆ ಕೆಲಸಕ್ಕೆ ಬೇಕಾದುದನ್ನು ಹೇಳಿಲ್ಲ.

ಜೇವರ್ಗಿಯ ಒಂದು ಬಡಿಗಶಾಲೆಗೆ ಬಂದ ಕಬ್ಬಿಣದ ರಂದಾ ಸುಳ್ಳೂ ಅರ್ಧ ಸತ್ಯವೂ ಬೆರೆತದ್ದಕ್ಕೆ ತಕ್ಕ ಉದಾಹರಣೆ. ರಂದಾ ಎಂದರೆ ಮರದ ಮೈಯನ್ನು ತೆಳುವಾಗಿ ಹೆರೆದು ನುಣುಪು ಮಾಡುವ ಸಾಧನ. ಅದರ ಮೈ ಬೀಡು ಕಬ್ಬಿಣದ್ದು, ಅಂದರೆ ಕರಗಿಸಿ ಅಚ್ಚಿಗೆ ಹೊಯ್ದ, ಇಂಗಾಲ ಹೆಚ್ಚಿರುವ, ಗಟ್ಟಿಯಾದರೂ ಪೆಟ್ಟು ಬಿದ್ದರೆ ಬಿರಿಯುವ ಲೋಹದ್ದು, ಮತ್ತು ಅಡಿಭಾಗದ ಸೀಳಿನಿಂದ ಉಕ್ಕಿನ ಅಲಗು ಹೊರಚಾಚಿರುತ್ತದೆ. ಜಾಹೀರಾತು ಇಡೀ ರಂದಾವನ್ನೇ ಅಪ್ಪಟ ಉಕ್ಕಿನದು ಎಂದು ಕರೆದಿತ್ತು, ಕೆಲಸಕ್ಕೆ ಸಿದ್ಧ ಎಂದಿತ್ತು, ಹೊಳೆಯುವ ಕಪ್ಪು ಬಣ್ಣದ ಚಿತ್ರವನ್ನೂ ಹಾಕಿತ್ತು. ಬಡಿಗ ಅದನ್ನು ಬೆರಳ ತುದಿಯಲ್ಲಿ ತೂಗಿ ಹಿಡಿದು ಮೊಳೆಯಿಂದ ತಟ್ಟಿದಾಗ ಕಂಚಿನಂತೆ ಗಣಗುಟ್ಟುವ ಬದಲು ಒಡಕು ಸದ್ದು ಬಂತು. ಸೀಳಿನ ಮೂಲೆಯ ಬಣ್ಣವನ್ನು ಉಗುರಿನಿಂದ ಕೆರೆದಾಗ ಕೆಳಗೆ ಎಮ್‌ಸೀಲ್ ಮೆತ್ತಿದ್ದು ಕಂಡಿತು, ಅದನ್ನು ಕಿತ್ತಾಗ ಅಂಚಿನವರೆಗೆ ಹರಿದ ಬಿರುಕು. ಅಲಗನ್ನು ಹೊರತೆಗೆದು ನೋಡಿದರೆ ಮಸೆದು ಮಸೆದು ಅದರ ನಡುವಿನ ಉದ್ದ ಕಂಡಿಯ ಹತ್ತಿರಕ್ಕೆ ಬಾಯಿ ಬಂದುಬಿಟ್ಟಿತ್ತು. ಕಂಡಿಯವರೆಗೆ ಸವೆದ ಅಲಗು ಹಿಡಿತಕ್ಕೆ ಸಿಗುವುದಿಲ್ಲವಾದ್ದರಿಂದ ಅದರ ಆಯುಷ್ಯ ಹೆಚ್ಚೆಂದರೆ ಇನ್ನು ಕೆಲವು ಸಾಣೆ. ಬಾಯಿಯ ಬಳಿ ಉಕ್ಕು ನೀಲಿಗಟ್ಟಿತ್ತು. ಮಸೆಯುವ ಯಂತ್ರಕ್ಕೆ ಒತ್ತಿ ಹಿಡಿದಾಗ ಉಕ್ಕು ಕಾಯುತ್ತದೆ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ನೀಲಿಬಣ್ಣಕ್ಕೆ ತಿರುಗುತ್ತದೆ, ಆ ಹೊತ್ತಿಗೆ ಅದರ ಹದ, ಎಂದರೆ ಅಂಚು ಬೇಗ ಮೊಂಡಾಗದಂತೆ ಕಾಸಿ ತಣಿಸಿ ಕೊಟ್ಟ ಗಡಸುತನ, ಇಳಿದುಹೋಗಿರುತ್ತದೆ. ಇಷ್ಟೆಲ್ಲ ಇದ್ದರೂ ಚಿತ್ರದಲ್ಲಿ ಸುಳ್ಳಿರಲಿಲ್ಲ. ಅದನ್ನು ಮೇಲಿನಿಂದ ತೆಗೆಯಲಾಗಿತ್ತು, ದೋಷಗಳೆಲ್ಲ ಕೆಳಗಿದ್ದವು.

ಉಳಿಯ ವಿಷಯದಲ್ಲಿ ಮೋಸ ಉದ್ದದಲ್ಲಿದೆ, ಏಕೆಂದರೆ ಅಳತೆಪಟ್ಟಿಯಿಲ್ಲದೆ ತೆಗೆದ ಚಿತ್ರದಲ್ಲಿ 2 ಇಂಚಿನ ಅಲಗೂ 5 ಇಂಚಿನ ಅಲಗೂ ಒಂದೇ ತರಹ ಕಾಣುತ್ತವೆ. ಆರು ಉಳಿಗಳ ಸೆಟ್ಟಿನಲ್ಲಿ ಒಂದೇ ಒಳ್ಳೆಯದಿದ್ದು ಅದನ್ನೇ ಮುಂದಿಟ್ಟಿರುತ್ತಾರೆ. ಪಾನಾಗಳಲ್ಲಿ ನೋಡಬೇಕಾದ್ದು ಬಾಯಿ ಅಗಲಿದೆಯೇ ಎಂಬುದು, ಗರಗಸದಲ್ಲಿ ಹಲ್ಲುಗಳ ಎತ್ತರ, ಸುತ್ತಿಗೆಯಲ್ಲಿ ಮುಖದ ಅಂಚಿನ ಚಕ್ಕೆ.

ಇನ್ನೊಂದು ಬಗೆಯ ವರ್ಣನೆ ಕಾಲದ ಹೆಸರಿನಲ್ಲಿ ಬೆಲೆ ಏರಿಸುತ್ತದೆ. ಈ ಮೂರೂ ತಾಲ್ಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ, ಯಾವ ತುಕ್ಕು ಹಿಡಿದ ಬಾಚಿಗೂ ಹಿತ್ತಾಳೆಯ ತೂಗುಗುಂಡಿಗೂ ನಿಜಾಮರ ಕಾಲದ್ದು ಎಂಬ ಚೀಟಿ ಅಂಟಿಸುವುದು ಸುಲಭವಾಗಿದೆ. ಇನ್ನೂರು ವರ್ಷದ ಪುರಾತನ ವಸ್ತು ಎನ್ನುವ ಧೈರ್ಯವನ್ನೂ ಕೆಲವರು ತೋರುತ್ತಾರೆ. ಇಂಥ ಮಾತಿಗೆ ಕಾನೂನಿನಲ್ಲಿಯೇ ಒಂದು ಒರೆಗಲ್ಲಿದೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ, ಇತಿಹಾಸ ಅಥವಾ ಕುಶಲಕಲೆಯ ಮಹತ್ವವಿರುವ ವಸ್ತು ಪುರಾತನ ವಸ್ತುವಾಗುತ್ತದೆ ಮತ್ತು ಅವುಗಳನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ಆದ್ದರಿಂದ ಅಂಥ ವಸ್ತುಗಳನ್ನೇ ಮಾರುತ್ತ ಕುಳಿತವರಿಗೆ ಪರವಾನಗಿಯ ಸಂಖ್ಯೆ ಕೇಳುವುದು ತೀರ ಸಹಜವಾದ ಪ್ರಶ್ನೆ, ಉತ್ತರ ಬಾರದಿದ್ದರೆ ಆ ವರ್ಣನೆಯ ತೂಕ ಎಷ್ಟೆಂದು ಅಲ್ಲಿಗೇ ತಿಳಿಯುತ್ತದೆ. ಮರ ಹೆರೆಯಬೇಕಾದವನಿಗೆ ಇತಿಹಾಸದ ಹೆಸರಿನಲ್ಲಿ ಸೇರಿಸಿದ ಒಂದು ರೂಪಾಯಿಯೂ ದುಡಿಮೆಯಾಗಿ ಮರಳುವುದಿಲ್ಲ ಎಂಬುದು ಇದಕ್ಕಿಂತ ಮುಖ್ಯ.

ಬೆಲೆಗಳು ಇಷ್ಟು ಏರಿರುವುದರ ಮೂಲ ಬಹುಮಟ್ಟಿಗೆ ಹೊರಗಿದೆ. ಅಮೆರಿಕದ ಸ್ಟಾನ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನ ರೆಕಾರ್ಡ್ ಮುಂತಾದ ಹಳೆಯ ರಂದಾಗಳನ್ನು ಆ ದೇಶಗಳಲ್ಲಿ ಸಂಗ್ರಹಕಾರರು ಕೊಳ್ಳುತ್ತಾರೆ, ಅವರು ಮೂಲ ಪೆಟ್ಟಿಗೆ, ಮೂಲ ತಿರುಪು, ಮೂಲ ಹಿಡಿ ಎಲ್ಲವೂ ಇರುವ ವಸ್ತುವಿಗೆ ಸಂಗ್ರಹದ ಬೆಲೆ ಕೊಡುತ್ತಾರೆ. ಇಲ್ಲಿ ಮಾರುವವರು ಡಾಲರಿನ ಆ ಅಂಕಿಯನ್ನು ರೂಪಾಯಿಗೆ ತಿರುಗಿಸಿ, ಹಿಡಿ ಬದಲಾದ, ಅಲಗು ಸವೆದ ವಸ್ತುವಿಗೆ ಹಚ್ಚುತ್ತಾರೆ. ಒಬ್ಬರು ಹಚ್ಚಿದ್ದನ್ನು ನೋಡಿ ಇನ್ನೊಬ್ಬರು ಹಚ್ಚುತ್ತಾರೆ, ಹೀಗೆ ಹತ್ತು ಜಾಹೀರಾತುಗಳಲ್ಲಿ ಒಂದೇ ಬೆಲೆ ಕಂಡ ಗಿರಾಕಿ ಅದನ್ನೇ ಪೇಟೆಯ ಧಾರಣೆ ಎಂದು ನಂಬುತ್ತಾನೆ. ತೊಗರಿಯ ಧಾರಣೆ ಎಪಿಎಂಸಿಯಲ್ಲಿ ನಿಜವಾಗಿ ಕೈಬದಲಾದ ಮಾಲಿನಿಂದ ಗೊತ್ತಾಗುತ್ತದೆ. ಜಾಹೀರಾತಿನಲ್ಲಿ ಇರುವುದು ಕೇಳಿದ ಬೆಲೆ, ಮಾರಾಟವಾದ ಬೆಲೆ ಅಲ್ಲ. ತಿಂಗಳುಗಟ್ಟಲೆ ಅಲ್ಲೇ ಕುಳಿತ ಜಾಹೀರಾತು ಆ ಬೆಲೆಗೆ ಯಾರೂ ಕೊಂಡಿಲ್ಲ ಎಂಬುದಕ್ಕೇ ಸಾಕ್ಷಿ.

ಸರಿಯಾದ ಬೆಲೆ ಕಟ್ಟುವ ಲೆಕ್ಕ ಕಠಿಣವಲ್ಲ. ಹೊಸ ಉಳಿಗೆ 300 ರೂಪಾಯಿ, ಅದರ ಬಳಸಬಹುದಾದ ಅಲಗು 5 ಇಂಚು ಎಂದು ಇಟ್ಟುಕೊಂಡರೆ, 2 ಇಂಚು ಉಳಿದ ಹಳೆಯ ಉಳಿಯಲ್ಲಿ ಐದರಲ್ಲಿ ಎರಡು ಪಾಲು ಆಯುಷ್ಯವಿದೆ, ಅದರ ಬೆಲೆ 120 ರೂಪಾಯಿ. ಅದಕ್ಕೆ ಸಾಣೆ ಹಿಡಿಸಿ ಹೊಸ ಹಿಡಿ ಹಾಕಿಸಲು 40 ರೂಪಾಯಿ ತಗಲುವುದಾದರೆ ಕೊಡಬೇಕಾದದ್ದು 80. ಉಕ್ಕು ನಿಜವಾಗಿ ಮೇಲ್ದರ್ಜೆಯದೆಂದು ಖಾತ್ರಿಯಾದರೆ ಕಾಲುಭಾಗ ಹೆಚ್ಚಿಗೆ ಕೊಡಬಹುದು, ಅಂದರೆ 100. ಜಾಹೀರಾತು 350 ಕೇಳುತ್ತಿದ್ದರೆ, ಕೊರಿಯರ್ ವೆಚ್ಚ ಸೇರಿಸುವ ಮೊದಲೇ, ಗಿರಾಕಿ ಹೊಸದಕ್ಕಿಂತ ಹೆಚ್ಚು ಹಣ ಕೊಟ್ಟು ಅರ್ಧಕ್ಕಿಂತ ಕಡಿಮೆ ದುಡಿಮೆ ಕೊಳ್ಳುತ್ತಿದ್ದಾನೆ. ಕುಡುಗೋಲು, ಗುದ್ದಲಿ, ಸಲಿಕೆಯಂಥ ಕೈಯಿಂದ ಬಳಸುವ ಒಕ್ಕಲುತನದ ಹತ್ಯಾರಗಳ ಮೇಲೆ ಜಿಎಸ್‌ಟಿಯೇ ಇಲ್ಲದಿರುವುದರಿಂದ, ತೆರಿಗೆ ಉಳಿಯುತ್ತದೆ ಎಂಬ ಮಾತಿಗೂ ಅಲ್ಲಿ ಅರ್ಥವಿಲ್ಲ.

ಹೋಲಿಸಿ ನೋಡಲು ಪರ್ಯಾಯಗಳು ಹತ್ತಿರದಲ್ಲೇ ಇವೆ. ಲಾರಿಯ ಸವೆದ ಪಾಟಾ, ಅಂದರೆ ಚಕ್ರದ ಮೇಲಿನ ಕಮಾನು ಪಟ್ಟಿ, ಸ್ಪ್ರಿಂಗ್ ಉಕ್ಕಿನದು. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಅದನ್ನು ಕಾಸಿ ತಟ್ಟಿ ಕುಡುಗೋಲು, ಕೊಡಲಿ, ಕೊಯ್ತಾ ಮಾಡಿಕೊಡುವ ಕಮ್ಮಾರರು ಈಗಲೂ ಇದ್ದಾರೆ, ಮೊಂಡಾದರೆ ಅದೇ ಕುಲುಮೆಗೆ ಒಯ್ಯಬಹುದು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ ಬಡಿಗ, ಕಮ್ಮಾರ, ಗೌಂಡಿ ಸೇರಿ 18 ಕಸುಬುಗಳಿಗೆ ಅನ್ವಯಿಸುತ್ತದೆ ಮತ್ತು ಹತ್ಯಾರ ಕೊಳ್ಳಲು 15,000 ರೂಪಾಯಿವರೆಗಿನ ಇ-ವೋಚರ್ ಕೊಡುತ್ತದೆ. ಅರ್ಹರಾದವರು ಸಾಲ ಮಾಡಿ ಸವೆದ ರಂದಾ ತರಿಸುವ ಮೊದಲು ಈ ನೋಂದಣಿ ಮುಗಿಸಬೇಕು ಎಂದು ಈ ಅಂಕಣಕಾರ ಬಲವಾಗಿ ಹೇಳಬಯಸುತ್ತಾನೆ, ಏಕೆಂದರೆ ಮೊದಲ ವರ್ಷದ ಹತ್ಯಾರ ಕೈಕೊಟ್ಟರೆ ಕಸುಬನ್ನೇ ಬಿಟ್ಟು ಮತ್ತೆ ಪುಣೆಯ ಬಸ್ಸು ಹತ್ತುವ ಹುಡುಗರಿದ್ದಾರೆ.

ಇಷ್ಟಾದರೂ ಜಾಹೀರಾತಿನ ವಸ್ತುವೇ ಬೇಕೆನ್ನುವವರು ಕಾನೂನು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ತಿಳಿದಿರಬೇಕು. 1930ರ ಸರಕು ಮಾರಾಟ ಅಧಿನಿಯಮದ 15ನೆಯ ಕಲಮಿನಂತೆ ವರ್ಣನೆಯ ಆಧಾರದ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಲೇಬೇಕು, ಹಳೆಯ ಸರಕಿಗೂ ಇದು ಸಲ್ಲುತ್ತದೆ. ಆದರೆ ಬಹಳ ಗಟ್ಟಿ, ಭಾರಿ ಮಾಲು ಎಂಬವು ಹೊಗಳಿಕೆಯ ಮಾತುಗಳು. ಕ್ರೋಮ್ ವೆನೇಡಿಯಂ ಉಕ್ಕು, ಬಿರುಕಿಲ್ಲ, ಅಲಗಿನ ಉದ್ದ 4 ಇಂಚು ಎಂಬವು ಮಾತ್ರ ಪರೀಕ್ಷಿಸಬಹುದಾದ ವರ್ಣನೆಗಳು. 1872ರ ಕರಾರು ಅಧಿನಿಯಮ ಇನ್ನೊಂದು ಎಚ್ಚರಿಕೆ ಕೊಡುತ್ತದೆ: ಮಾರಿದವರ ಮೌನದಿಂದ ಮೋಸಹೋದವರು, ಸಾಮಾನ್ಯ ಎಚ್ಚರದಿಂದ ನಿಜ ತಿಳಿಯಬಹುದಾಗಿತ್ತು ಎಂದಾದರೆ, ಕರಾರು ರದ್ದುಮಾಡಲು ಬರುವುದಿಲ್ಲ. ಆದ್ದರಿಂದ ಬಿರುಕು, ಬೆಸುಗೆ, ಬಣ್ಣದ ಕೆಳಗಿನ ದುರಸ್ತಿ ಇದೆಯೇ ಎಂದು ಬರಹದಲ್ಲಿ ಕೇಳಿ ಬರಹದಲ್ಲಿಯೇ ಉತ್ತರ ಪಡೆಯಬೇಕು, ಪಕ್ಕದಲ್ಲಿ ಸ್ಕೇಲ್ ಇಟ್ಟು ಅಡಿಭಾಗದ ಚಿತ್ರ ತರಿಸಿಕೊಳ್ಳಬೇಕು. ಆಗ ಮಾರುವವರ ಮೌನ ಹೇಳಿಕೆಯಾಗಿ ಬದಲಾಗುತ್ತದೆ.

2019ರ ಗ್ರಾಹಕರ ಸಂರಕ್ಷಣಾ ಅಧಿನಿಯಮ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಎಣಿಸದಿದ್ದರೂ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವ ವಸ್ತುವನ್ನು ಆ ಹೊರಗಿಡುವಿಕೆಯಿಂದ ಬಿಟ್ಟಿದೆ. ಅಂದರೆ ಬಡಿಗನೂ ಗೌಂಡಿಯೂ ತಮ್ಮ ಹತ್ಯಾರದ ಮಟ್ಟಿಗೆ ಗ್ರಾಹಕರೇ. 2020ರ ಇ-ವಾಣಿಜ್ಯ ನಿಯಮಗಳು ಮಾತ್ರ ಮನೆಯ ಹಳೆಯ ವಸ್ತುವನ್ನು ವೈಯಕ್ತಿಕವಾಗಿ ಮಾರುವ ವ್ಯಕ್ತಿಗೆ ಅನ್ವಯಿಸುವುದಿಲ್ಲ. ನಿತ್ಯ ವ್ಯಾಪಾರ ಮಾಡುವ ಕೆಲವರು ಅಜ್ಜನ ಪೆಟ್ಟಿಗೆ ಖಾಲಿ ಮಾಡುತ್ತಿದ್ದೇವೆ ಎಂದು ಬರೆಯುವುದರ ಹಿಂದೆ ಈ ಅನುಕೂಲವೂ ಇದೆ. ಅದೇ ಹೆಸರಿನಲ್ಲಿ ಇನ್ನೂ ಹತ್ತು ಪೆಟ್ಟಿಗೆಗಳು ಮಾರಾಟಕ್ಕಿದ್ದರೆ ಆ ಪುಟಗಳನ್ನೂ, ಕೊಂಡ ವಸ್ತುವಿನ ಜಾಹೀರಾತನ್ನೂ, ಹಣ ಕಳಿಸುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು, ಮಾರಾಟ ಮುಗಿದ ಮೇಲೆ ವರ್ಣನೆ ಅಳಿಸಿಹೋಗುತ್ತದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಿರೆಂದು ಕೇಳುವವರು ವಂಚಕರೇ, ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವರ್ಣನೆಯ ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ಮತ್ತು ಮಾರಿದವರು ದೇಶದ ಯಾವ ಮೂಲೆಯಲ್ಲಿದ್ದರೂ ಆಳಂದ, ಅಫಜಲಪುರ, ಜೇವರ್ಗಿಯ ದೂರುದಾರರು ತಾವು ವಾಸಿಸುವ ಜಿಲ್ಲೆಯ ಕಲಬುರಗಿ ಆಯೋಗದಲ್ಲಿಯೇ ಅದನ್ನು ಸಲ್ಲಿಸಬಹುದು.